ಹದಿನೇಳನೇ ಕಲ್ಲಿನ ಕೆಳಗೆ

ನನ್ನನ್ನು ಊರಿನವರು ನಿದ್ದೆಬುರುಕಿ ಅನ್ನುತ್ತಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಕೋಳಿ ಕೂಗುವ ಮೊದಲೇ ಎದ್ದು ಹೊಲಿಗೆ ಮಿಷನ್ನಿನ ಮುಂದೆ ಕೂರುವವಳು ನಾನು. ಈ ಊರಿನ ಶಾಲೆಯ ಮಕ್ಕಳಿಗೆ ನಲವತ್ತೈದು ವರ್ಷದಿಂದ ಅಂಗಿ ಚಡ್ಡಿ ಹೊಲಿದುಕೊಟ್ಟಿದ್ದೇನೆ, ಒಂದು ಗುಂಡಿ ಉದುರಿತು ಅಂತ ಯಾರಾದರೂ ವಾಪಸು ಬಂದಿದ್ದಾರಾ ಕೇಳಿ. ಹೆಸರು ಬೀಳುವ ಹಾಗೆ ನಾನು ನಿದ್ದೆ ಮಾಡಿದ್ದು ಬದುಕಿನಲ್ಲಿ ಒಂದೇ ಸಲ, ಅದೂ ಹತ್ತು ತಿಂಗಳ ಕೂಸಾಗಿದ್ದಾಗ. ಆ ಒಂದು ನಿದ್ದೆಗೆ ಎರಡು ದೇಶಗಳ ನಡುವಿನ ಗಡಿ ಸೊಟ್ಟಗಾಯಿತು. ಅದಕ್ಕೆ ನಾನೇನು ಮಾಡಲಿ?

ಹೇಳಹೊರಟಿದ್ದು ನನ್ನ ಕಥೆಯಲ್ಲ, ಸರಪಳಿ ಮಾಮನದು. ಊರಿನ ಮಕ್ಕಳಿಗೆಲ್ಲ ಅವನು ಸರಪಳಿ ಅಜ್ಜ, ನನಗೆ ಮಾತ್ರ ಮೊದಲಿನಿಂದ ಮಾಮ. ರಕ್ತಸಂಬಂಧ ಏನೂ ಇಲ್ಲ. ಗಡಿ ಅಳೆಯುವವರ ಜೊತೆ ಇಪ್ಪತ್ತೊಂದನೇ ವಯಸ್ಸಿಗೆ ಈ ಊರಿಗೆ ಬಂದವನು, ಹೋಗಲೇ ಇಲ್ಲ.

ತಂಡದಲ್ಲಿ ಅವನದು ಸರಪಳಿ ಎಳೆಯುವ ಕೆಲಸ. ನೂರು ಕೊಂಡಿಗಳ ಕಬ್ಬಿಣದ ಸರಪಳಿ, ಎರಡು ತುದಿಗೂ ಹಿತ್ತಾಳೆಯ ಹಿಡಿ. ಮುಂದಿನವನು ಎಳೆದುಕೊಂಡು ಹೋಗಿ, ಜಾಡಿಸಿ, ಬಿಗಿ ಹಿಡಿದು, ನೆಲಕ್ಕೆ ಒಂದು ಕಡ್ಡಿ ಚುಚ್ಚಬೇಕು. ಹಿಂದಿನವನು ಆ ಕಡ್ಡಿ ಕಿತ್ತುಕೊಂಡು ಮುಂದಕ್ಕೆ ಬರಬೇಕು. ಬಿಸಿಲಿಗೆ ಸರಪಳಿಯೇ ಉದ್ದವಾಗುತ್ತದಂತೆ, ಹಾಗಾಗಿ ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ಅದನ್ನೇ ಅಳೆದು ನೋಡಬೇಕು. "ಮನುಷ್ಯ ಸುಳ್ಳು ಹೇಳ್ತಾನೆ ಸರಿ, ಕಬ್ಬಿಣಾನೂ ಹೇಳುತ್ತೆ ಕಣೇ" ಅಂತ ಮಾಮ ನನಗೆ ಎಷ್ಟೋ ಸಲ ಹೇಳಿದ್ದಾನೆ.

ಕಲ್ಲು ನೆಡುವ ಕಡೆ ಮೂರಡಿ ಗುಂಡಿ ತೋಡುತ್ತಾರೆ. ಕಲ್ಲು ಇಳಿಸುವ ಮೊದಲು ತಳಕ್ಕೆ ಕೊಳೆಯದ ವಸ್ತು ಏನಾದರೂ ಹಾಕಬೇಕು. ಇದ್ದಿಲು, ಒಡೆದ ಹೆಂಚು, ಗಾಜಿನ ಚೂರು. ಅದಕ್ಕೆ ಸಾಕ್ಷಿ ಅಂತ ಹೆಸರು. ಮುಂದೆ ಯಾರಾದರೂ ಕಲ್ಲನ್ನು ಕಿತ್ತು ಬೇರೆ ಕಡೆ ನೆಟ್ಟರೆ ಅಗೆದು ನೋಡಬಹುದು, ಕೆಳಗೆ ಸಾಕ್ಷಿ ಇಲ್ಲದಿದ್ದರೆ ಅದು ಕಳ್ಳಕಲ್ಲು. ಯಾವ ಕಲ್ಲಿನ ಕೆಳಗೆ ಏನಿದೆ ಅಂತ ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ, ಆದರೆ ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅಂಥದ್ದೇ ಸಾಮಾನು ತಂದು ಬೇಕಾದಲ್ಲಿ ಹೂತುಬಿಡಬಹುದಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ಅರವತ್ತು ದಾಟಿದ ಮೇಲೆ. ನಿಮಗೆ ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಆಗ ಊರಲ್ಲಿ ಎರಡು ಮಾತಿನ ಜನ ಇದ್ದರು. ಒಂದೇ ಬಾವಿಯ ನೀರು ಸೇದಿ, ಇಬ್ಬರೂ ಇಬ್ಬರ ಮಾತಲ್ಲೂ ಜಗಳ ಆಡುತ್ತಿದ್ದರಂತೆ. ಎಲ್ಲೋ ದೂರದಲ್ಲಿ ದೊಡ್ಡವರು ಕೂತು ಗೆರೆ ಎಳೆದರು. ಒಂದು ಮಾತಿನವರು ಆಚೆ, ಇನ್ನೊಂದು ಮಾತಿನವರು ಈಚೆ, ಒಂದು ತಿಂಗಳಲ್ಲಿ ಖಾಲಿ ಮಾಡಿ ಅಂದರು. ನನ್ನ ದೊಡ್ಡಮ್ಮ ಆಚೆ ಮಾತಿನವನನ್ನು ಮದುವೆಯಾಗಿದ್ದಳು. ಹೊರಡುವ ದಿನ ಅಕ್ಕ ತಂಗಿ ಕೂತು ಅಜ್ಜಿಯ ಪಿಂಗಾಣಿ ಬಟ್ಟಲುಗಳನ್ನು ಹಂಚಿಕೊಂಡರು. ಹನ್ನೆರಡು ಬಟ್ಟಲು, ಬಿಳಿ ಮೈ, ನೀಲಿ ಅಂಚು, ಅಂಚಿನ ಕೆಳಗೆ ಸಾಸಿವೆಯಷ್ಟು ಸಣ್ಣ ಚುಕ್ಕಿಗಳ ಸಾಲು. ದೊಡ್ಡಮ್ಮನಿಗೆ ಆರು, ಅಮ್ಮನಿಗೆ ಆರು. "ಮತ್ತೆ ಸೇರಿದಾಗ ಹನ್ನೆರಡೂ ಒಟ್ಟಿಗೆ ಇಡೋಣ" ಅಂದಳಂತೆ ದೊಡ್ಡಮ್ಮ. ಅವರು ಮತ್ತೆ ಸೇರಲಿಲ್ಲ.

ಅದಾಗಿ ಎರಡು ವಾರಕ್ಕೆ ಅಳತೆಯವರು ಬಂದರು. ಗೆರೆ ನಮ್ಮ ಹಿತ್ತಲಿನ ಅತ್ತಿಮರವನ್ನು ಹಾದು, ಅಡುಗೆಮನೆಯನ್ನು ಸೀಳಿಕೊಂಡು ಹೋಗಬೇಕು. ಮರದ ಕೊಂಬೆಗೆ ತೊಟ್ಟಿಲು ಕಟ್ಟಿತ್ತು, ತೊಟ್ಟಿಲಲ್ಲಿ ನಾನಿದ್ದೆ. ಮೂರು ದಿನ ಜ್ವರ ಬಂದು, ಹಗಲೂ ರಾತ್ರಿ ಕಿರುಚಿ, ಅವತ್ತು ಬೆಳಿಗ್ಗೆ ತಾನೇ ಬೆವರು ಬಿಟ್ಟು ಮಲಗಿದ್ದೆನಂತೆ. ಸರಪಳಿ ಝಣಝಣ ಅನ್ನಿಸುತ್ತ ಇವರು ಬಂದಿದ್ದೇ ತಡ, ಅಮ್ಮ ಕೈಯಲ್ಲಿ ಸೌಟು ಹಿಡಿದು ಅಡ್ಡ ನಿಂತಳು.

"ಈಗ ತಾನೇ ಮಲಗಿದೆ. ಯಾರಾದ್ರೂ ಮಗು ಎಬ್ಬಿಸಿದ್ರೆ ನಾನು ಸುಮ್ನೆ ಇರಲ್ಲ."

"ಇದು ಸರಕಾರಿ ಕೆಲಸ ಕಣಮ್ಮ."

"ನಿಮ್ಮ ಸರಕಾರ ಬಂದು ಮಗೂನ ಮತ್ತೆ ಮಲಗಿಸುತ್ತಾ?"

ಅಳತೆಯ ಹಿರಿಯನಿಗೆ ಅವತ್ತು ಹಲ್ಲುನೋವು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡಿದ್ದನಂತೆ. ಸ್ವಲ್ಪ ಹೊತ್ತು ಕಾದು ನೋಡಿದ. ನಾನು ಏಳಲಿಲ್ಲ. ಬಿಸಿಲು ಏರಿತು, ಆಗಲೂ ಏಳಲಿಲ್ಲ. ಕೊನೆಗೆ, ಮರ ಸುತ್ತಿಕೊಂಡು ಹೋಗಿ, ಸದ್ದು ಮಾಡಬೇಡಿ ಅಂದ. ಮಾಮ ತನ್ನ ಮೇಲಂಗಿ ಬಿಚ್ಚಿ ಸರಪಳಿಗೆ ಸುತ್ತಿದ. ಇಬ್ಬರು ಗಟ್ಟಿಮುಟ್ಟು ಗಂಡಸರು ತುದಿಗಾಲಲ್ಲಿ ನಡೆಯುತ್ತ, ಪಿಸುಮಾತಿನಲ್ಲಿ ಕೊಂಡಿ ಎಣಿಸುತ್ತ ನನ್ನ ತೊಟ್ಟಿಲನ್ನು ಸುತ್ತಿ ಹೋದರು. ಸುತ್ತಿ ಹೋದಮೇಲೆ ಮತ್ತೆ ಒಳಕ್ಕೆ ತಿರುಗಿ ನೇರ ಗೆರೆಗೆ ಬರಬೇಕು, ಅದು ಕ್ರಮ. ಒಳಕ್ಕೆ ತಿರುಗಿದರೆ ನಮ್ಮ ಒಲೆ. ಹಿರಿಯ ಒಲೆಯ ಕಡೆ ನೋಡಿದ, ಅಮ್ಮನನ್ನು ನೋಡಿದ, ತೊಟ್ಟಿಲನ್ನು ನೋಡಿದ. "ಇಲ್ಲೇ ನೆಡಿ" ಅಂದ. ಇಪ್ಪತ್ತೆರಡು ಹೆಜ್ಜೆ ಆಚೆಗೆ ಹದಿನೇಳನೇ ಕಲ್ಲಿಗೆ ಗುರುತು ಬಿತ್ತು, ನಮ್ಮ ಮನೆ ಪೂರ್ತಿಯಾಗಿ ಈಚೆ ಉಳಿಯಿತು.

ಅಮ್ಮನಿಗೆ ಖುಷಿಯೋ ಖುಷಿ. ಮೂವರಿಗೂ ಚಹಾ ಕಾಯಿಸಿ, ಎಂದೂ ಹೊರತೆಗೆಯದ ಪಿಂಗಾಣಿ ಬಟ್ಟಲಲ್ಲೇ ಕೊಟ್ಟಳು. ಅವರು ಕುಡಿಯುತ್ತ ಕಲ್ಲಿನ ಕೆಲಸ ಮುಗಿಸಿ ಮುಂದೆ ಹೋದರು. ಮರದ ಬುಡದಲ್ಲಿ ಉಳಿದಿದ್ದು ಎರಡೇ ಬಟ್ಟಲು. ಅಮ್ಮ ಓಡಿಹೋಗಿ ಅವರನ್ನು ಹಿಡಿದಳು. ಮೂರನೆಯದು ಇದ್ದಿದ್ದು ಮಾಮನ ಕೈಯಲ್ಲಿ. ಎಲ್ಲಿ ಅಂದರೆ ಅವನು ತನ್ನ ಚೀಲ ಮುಂದೆ ಹಿಡಿದ. ಚೀಲ ಜಾಡಿಸಿ ನೋಡಿದಳು, ಸಿಗಲಿಲ್ಲ. ಹಿರಿಯ ಕೆನ್ನೆ ಹಿಡಿದುಕೊಂಡು ಆಕಾಶ ನೋಡುತ್ತಿದ್ದ. ಅವತ್ತಿನಿಂದ ನಮ್ಮ ಮನೆಯಲ್ಲಿ ಮಾಮನಿಗೆ ಬಟ್ಟಲುಕಳ್ಳ ಅನ್ನುವ ಹೆಸರು ಖಾಯಂ ಆಯಿತು.

ತಂಡ ಹೋಯಿತು, ಇವನೊಬ್ಬ ಉಳಿದ. ಊರಿನ ಸರಹದ್ದಿನ ಮೂವತ್ತೊಂದು ಕಲ್ಲು ಕಾಯಬೇಕು, ವರ್ಷಕ್ಕೊಮ್ಮೆ ಸುಣ್ಣ ಬಳಿಯಬೇಕು. ಹಿಂದೆ ಧಾನ್ಯ ತೂಗುತ್ತಿದ್ದ ಹಳೇ ತೂಕದ ಕೊಠಡಿಯಲ್ಲಿ ಅವನಿಗೆ ಒಂದು ಮಂಚ, ಒಂದು ಸ್ಟವ್, ಗೋಡೆಯ ಮೊಳೆಗೆ ಸರಪಳಿ. ಮದುವೆ ಯಾಕೆ ಆಗಲಿಲ್ಲ ಅಂತ ನಾನೊಮ್ಮೆ ಕೇಳಿದ್ದೆ. "ಮೂವತ್ತೊಂದು ಜನಾನ ಸಾಕ್ತಾ ಇದ್ದೀನಿ, ಇನ್ನೂ ಒಂದು ಯಾಕೆ?" ಅಂದಿದ್ದ.

ಖಾಲಿಯಾದ ಮನೆಗಳಿಗೆ ಆಚೆಯಿಂದ ಬಂದವರನ್ನು ತುಂಬಿದರು. ಅವರೂ ತಮ್ಮ ಮನೆ ಬಿಟ್ಟು ಬಂದವರೇ. ಯಾರದೋ ಹೊಸ್ತಿಲು ದಾಟಿ, ಯಾರದೋ ಒಲೆಯ ಮುಂದೆ ಗಂಟುಮೂಟೆ ಇಟ್ಟುಕೊಂಡು ಬೆಪ್ಪಾಗಿ ಕೂತಿದ್ದರಂತೆ. ಹಳಬರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ನಮ್ಮ ಅಮ್ಮನಿಗೂ ಅಷ್ಟೆ. ಮಾಮ ಮಾತ್ರ ಮನೆಮನೆಗೆ ಹೋದ. ಅಳತೆಗೆ ಬಂದಾಗ ಎಲ್ಲರ ಮನೆಯನ್ನೂ ಒಳಹೊಕ್ಕು ನೋಡಿದ್ದನಲ್ಲ. "ಈ ಬಾಗಿಲು ಸ್ವಲ್ಪ ಎತ್ತಿ ತಳ್ಳಬೇಕು. ಗಾಳಿ ಬಂದಾಗ ಹೊಗೆ ತುಂಬುತ್ತೆ, ಹಿಂದಿನ ಕಿಟಕಿ ತೆಗೀರಿ. ಈ ಮಂಚದ ಎಡಗಾಲು ನಂಬಬೇಡಿ." ಇಷ್ಟೇ ಮಾತು. ಎದುರುಮನೆಗೆ ಬಂದ ಹೆಂಗಸು ಆ ದಿನ ಮೊದಲ ಸಲ ಒಲೆ ಹಚ್ಚಿದಳಂತೆ. ಅವಳ ನಾಲ್ಕು ವರ್ಷದ ಮಗ, ಮೂಗು ಸೋರಿಸಿಕೊಂಡು ನಮ್ಮ ಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದವನು, ಮುಂದೆ ಸೈಕಲ್ ರಿಪೇರಿ ಕಲಿತು ನನ್ನ ಗಂಡನಾದ. ಮೂಗು ಈಗಲೂ ಸೋರುತ್ತದೆ.

ಮಾಮ ನಮ್ಮ ಮನೆಗೂ ದಿನಾ ಬರುತ್ತಿದ್ದ. ಹದಿನೇಳನೇ ಕಲ್ಲು ನಮ್ಮ ಹಿತ್ತಲಿನಾಚೆಗೇ ಇತ್ತಲ್ಲ. ಅಮ್ಮ ಬೈಯುತ್ತಲೇ ಚಹಾ ಕೊಡುತ್ತಿದ್ದಳು. ಬಟ್ಟಲಲ್ಲಿ ಮಾತ್ರ ಜಪ್ಪಯ್ಯ ಅಂದರೂ ಇಲ್ಲ. "ಏಯ್ ಸರಪಳಿ, ನಿನ್ನ ಪಾತ್ರೆ ನೀನೇ ತಾ" ಅನ್ನುತ್ತಿದ್ದಳು. ಅವನು ಒಂದು ಹಿತ್ತಾಳೆ ಲೋಟ ಕೊಂಡುಕೊಂಡ. ಹೆಗಲಚೀಲದಿಂದ ಅದನ್ನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, "ಅಕ್ಕಾ" ಅಂತ ಮುಂದೆ ಹಿಡಿಯುತ್ತಿದ್ದ. ನಾನು ಚಿಕ್ಕವಳಿದ್ದಾಗ ಅದನ್ನೊಂದು ಆಟ ಅಂದುಕೊಂಡಿದ್ದೆ. ನಾನೂ ಅವನನ್ನು ಬಟ್ಟಲುಕಳ್ಳ ಮಾಮ ಅಂತ ಕೂಗಿ ಓಡುತ್ತಿದ್ದೆ. ಇವತ್ತು ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ನನಗೆ ಹತ್ತೊಂಬತ್ತಾದಾಗ ಗಡಿ ಎದ್ದು ಮೂವತ್ತು ಮೈಲಿ ದೂರ ಹೋಯಿತು. ಒಂದು ಬೆಳಿಗ್ಗೆ ನಾವು ಬೇರೆ ದೇಶದವರಾಗಿದ್ದೆವು. ನಾನು ಆಗಷ್ಟೇ ಮಿಷನ್ ಕೊಂಡು ಶಾಲೆಗೆ ನೀಲಿ ಚಡ್ಡಿ ಹೊಲಿದಿಟ್ಟಿದ್ದೆ, ಕಂದು ಬಣ್ಣ ಬೇಕು ಅಂದರು. ಹೊಲಿದ ನಲವತ್ತು ಚಡ್ಡಿ ಹಾಗೇ ಬಿತ್ತು. ಮತ್ತೆ ಕೆಲವರು ಹೋದರು, ಕೆಲವರು ಬಂದರು, ಮಾಮ ಮತ್ತೆ ಮನೆಮನೆಗೆ ಹೋಗಿ ಬಾಗಿಲು ಎತ್ತಿ ತಳ್ಳುವುದು ಹೇಗೆ ಅಂತ ಹೇಳಿಕೊಟ್ಟ.

ಕಲ್ಲುಗಳು ಈಗ ಬರೀ ಕಲ್ಲು. ಜನ ಬಿಡುತ್ತಾರಾ? ಒಂದು ಅಂಚೆ ಕಚೇರಿಯ ಮೆಟ್ಟಿಲಾಯಿತು. ಹದಿನೇಳನೆಯದನ್ನು ಅಮ್ಮ ಇಬ್ಬರು ಆಳು ಹಿಡಿದು ಕೀಳಿಸಿ, ಹಿತ್ತಲ ಬಚ್ಚಲಿನ ಪಕ್ಕ ಮಲಗಿಸಿ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಳು. "ಬಟ್ಟಲಿಗೆ ಬದಲು" ಅಂದಳು. ಮಾಮ ನಿಂತು ನೋಡಿದ. ಆಳುಗಳು ಹೋದ ಮೇಲೆ ಆ ಗುಂಡಿಯನ್ನು ತಾನೇ ಮುಚ್ಚಿ, ಮೇಲೆ ಒಂದು ಮರದ ಗೂಟ ಹೊಡೆದ. ಕಲ್ಲು ಕಾಯಬೇಡ ಅಂತ ಅವನಿಗೆ ಯಾವ ಸರಕಾರವೂ ಹೇಳಲಿಲ್ಲ, ಮರೆತುಬಿಟ್ಟಿದ್ದರು. ಹಾಗಾಗಿ ಅವನು ಪ್ರತಿ ವರ್ಷ ಉಳಿದ ಕಲ್ಲುಗಳಿಗೂ ಆ ಗೂಟಕ್ಕೂ ಸುಣ್ಣ ಬಳಿಯುತ್ತಿದ್ದ. ಊರೆಲ್ಲ ನಗುತ್ತಿತ್ತು.

ಹದಿನೇಳು ವರ್ಷ ಆಯಿತು, ಗಡಿ ವಾಪಸು ಬಂತು. ಅದೇ ಜಾಗಕ್ಕೆ. ಕಂದು ಹೋಗಿ ಹಸಿರು ಚಡ್ಡಿ. ಮಾಮ ನಮ್ಮ ಹಿತ್ತಲಿಗೆ ಬಂದು ನಿಂತ.

"ಅಕ್ಕಾ, ಕಲ್ಲು ಬೇಕಾಗಿತ್ತು."

"ನನ್ನ ಬಟ್ಟಲು ಕೊಡು, ನಿನ್ನ ಕಲ್ಲು ತಗೊಂಡು ಹೋಗು."

ಅವನು ತಲೆ ಬಗ್ಗಿಸಿ ನಿಂತ. ಅಮ್ಮ ಸೋಪು ಹಚ್ಚಿದ ದುಪ್ಪಟಿಯನ್ನು ಕಲ್ಲಿನ ಮೇಲೆ ಹಾಕಿ ಬೇಕೆಂತಲೇ ಕುಕ್ಕಿದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಅಮ್ಮ ಪೇಟೆಗೆ ಹೋಗಿದ್ದಾಗ ನಾನು ಗಂಡನನ್ನು ಕರೆದು, ಮೂವರೂ ಸೇರಿ ಕಲ್ಲು ಉರುಳಿಸಿಕೊಂಡು ಹೋಗಿ ಗೂಟವಿದ್ದ ಕಡೆ ನೆಟ್ಟೆವು. ಅಮ್ಮ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ.

ಅಮ್ಮ ಹಾಸಿಗೆ ಹಿಡಿದಾಗ ನನಗೆ ನಲವತ್ತೆಂಟು. ಕೊನೆಯ ದಿನಗಳಲ್ಲಿ ದೊಡ್ಡಮ್ಮನನ್ನೇ ಕರೆಯುತ್ತಿದ್ದಳು. ಮಾಮ ಬಂದು ಮಂಚದ ಪಕ್ಕ ಕೂತ. ಅಮ್ಮ ಕಣ್ಣು ಬಿಟ್ಟು ನೋಡಿ, ಬೈಯುವ ಶಕ್ತಿ ಇಲ್ಲದೆ, ನಕ್ಕಳು.

"ಬಟ್ಟಲು ಸಿಕ್ತೇನೋ?"

"ಸಿಗುತ್ತೆ ಅಕ್ಕಾ."

ಅಮ್ಮ ಅವನ ಕೈ ತಟ್ಟಿದಳು. ಕಳ್ಳ, ಸಾಯುವವಳ ಮುಂದೆಯೂ ಸುಳ್ಳು ಹೇಳುತ್ತಾನಲ್ಲ ಅಂತ ನನಗೆ ಸಿಟ್ಟು ಬಂತು. ಹೌದು, ಸಿಟ್ಟೇ ಬಂತು, ಮುಚ್ಚಿಟ್ಟು ಏನು ಪ್ರಯೋಜನ? ಅಮ್ಮ ಹೋದಮೇಲೂ ಅವನು ದಿನಾ ಬರುತ್ತಿದ್ದ, ನಾನೂ ಅದೇ ಹಿತ್ತಾಳೆ ಲೋಟಕ್ಕೆ ಚಹಾ ಸುರಿಯುತ್ತಿದ್ದೆ. ಬಟ್ಟಲಲ್ಲಿ ಕೊಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಹೋದ ವರ್ಷ ಎರಡೂ ದೇಶದವರು ಸೇರಿ ಬೇಲಿ ಹಾಕಲು ನಿರ್ಧರಿಸಿದರು. ಈ ಕಡೆಯಿಂದ ಒಬ್ಬಳು ಹುಡುಗಿ ಆಫೀಸರು, ನನ್ನ ಮಗಳ ವಯಸ್ಸು, ಕಾಲಿಗೆ ಬೂಟು. ಆ ಕಡೆಯಿಂದ ದಪ್ಪ ಕನ್ನಡಕದ ಒಬ್ಬ ಆಫೀಸರು, ಬಗಲಲ್ಲಿ ಕೊಡೆ. ಮೂರು ಕಾಲಿನ ಯಂತ್ರ ನಿಲ್ಲಿಸಿ ನೋಡಿದರು. ಹದಿನಾರನೇ ಕಲ್ಲಿನಿಂದ ಹದಿನೆಂಟಕ್ಕೆ ನಕ್ಷೆಯಲ್ಲಿ ನೇರ ಗೆರೆ. ನೆಲದಲ್ಲಿ ಹದಿನೇಳು ಮಾತ್ರ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆ.

ಹುಡುಗಿ ಕಲ್ಲನ್ನು ಸವರಿ ನೋಡಿದಳು. "ಅಮ್ಮ, ಈ ಕಲ್ಲಿನ ಒಂದು ಮೈ ಯಾಕೆ ಇಷ್ಟು ನುಣುಪಾಗಿದೆ?"

ನಾನು ಸುಳ್ಳು ಹೇಳಬಹುದಿತ್ತು. ಬರಲಿಲ್ಲ. "ಹದಿನೇಳು ವರ್ಷ ಬಟ್ಟೆ ಒಗೆದಿದ್ದೀವಿ" ಅಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಿತ್ತು ನೆಟ್ಟ ಕಲ್ಲು ಅಂತಾಯಿತು. ಮನೆ ಉಳಿಸಿಕೊಳ್ಳಲು ಇವರೇ ಆಚೆಗೆ ಸರಿಸಿದ್ದಾರೆ ಅನ್ನುವುದು ಅವರ ಅನುಮಾನ. ಹಾಗಾದರೆ ನಕ್ಷೆಯೇ ಸರಿ, ಬೇಲಿ ನೇರ ಹೋಗುತ್ತದೆ. ನೇರ ಹೋದರೆ ಅಡುಗೆಮನೆಯ ನಡುವೆ. ಇಪ್ಪತ್ತು ದಿನದಲ್ಲಿ ಮನೆ ಬಿಡಬೇಕು, ಕೆಡವುತ್ತಾರೆ.

ಆ ಮನೆಯಲ್ಲಿ ಹುಟ್ಟಿದವಳು ನಾನು, ಆ ಮನೆಯಲ್ಲಿ ಹೆತ್ತವಳು. ಮಿಷನ್ನಿನ ಕೆಳಗೆ ನೆಲ ನನ್ನ ಕಾಲಿನ ಅಳತೆಗೆ ಸವೆದಿದೆ. ಊರಿಗೆ ಊರೇ ಒಂದಲ್ಲ ಒಂದು ಸಲ ಮನೆ ಬಿಟ್ಟು ಬಂದಿದ್ದು ನಿಜ. ಇಷ್ಟು ಗಡಿ ಬದಲಾದರೂ ಮನೆ ಬಿಡದೆ ಉಳಿದವಳು ನಾನೊಬ್ಬಳೇ ಅಂತ ಒಳಗೊಳಗೇ ಜಂಬ ಇತ್ತು. ಅದು ಒಂದೇ ಏಟಿಗೆ ಇಳಿಯಿತು. ನನ್ನ ಗಂಡ ಸೈಕಲ್ ಹತ್ತಿ ಮಾಮನನ್ನು ಹಿಂದೆ ಕೂರಿಸಿಕೊಂಡು ಬಂದ.

ಮಾಮನಿಗೆ ಎಂಬತ್ತಮೂರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಅರ್ಧ. ಸೈಕಲ್ಲಿನಿಂದ ಇಳಿದು ಕೋಲೂರಿಕೊಂಡು ನೇರ ಕಲ್ಲಿನ ಹತ್ತಿರ ಹೋಗಿ ಅದರ ತಲೆಯ ಮೇಲೆ ಕೈ ಇಟ್ಟ.

"ಅಗೀರಿ. ಸಾಕ್ಷಿ ಇದೆ."

ಕನ್ನಡಕದವನು ಚಟ್ಟನೆ ತಿರುಗಿದ. ಅವನ ಕೊಡೆಯ ಜೊತೆಗಿದ್ದ ಚೀಲದಲ್ಲಿ ಹಳೇ ಅಳತೆ ಪುಸ್ತಕದ ಪ್ರತಿ ಇತ್ತು. ಹದಿನೇಳನೇ ಕಲ್ಲಿನ ಪುಟ ತೆಗೆದು, ತಾನು ಓದಿಕೊಂಡು, ಹುಡುಗಿಗೆ ತೋರಿಸಿ, ಪುಸ್ತಕ ಮುಚ್ಚಿದ. "ಕೆಳಗೆ ಏನಿದೆ ಅಂತ ನಿಮಗೆ ಗೊತ್ತಾ?" ಅಂತ ಮಾಮನನ್ನು ಕೇಳಿದ. ಮಾಮ, "ಗೊತ್ತು. ಆದರೆ ಹೇಳೋ ಹಾಗಿಲ್ಲ. ಸಿಕ್ಕ ಮೇಲೆ ನೀವೇ ನೋಡಿ" ಅಂದ. ಕನ್ನಡಕದವನು ತಲೆಯಾಡಿಸಿ, ಪುಸ್ತಕದಲ್ಲಿ ಬರೆದಿದ್ದೇ ಸಿಕ್ಕರೆ ಕಲ್ಲೇ ಸರಿ, ನಕ್ಷೆ ತಪ್ಪು ಅಂತ ಒಪ್ಪುತ್ತೇನೆ ಅಂದ. ಸಾಕ್ಷಿಯ ಕ್ರಮವನ್ನೆಲ್ಲ ಹುಡುಗಿ ನನಗೆ ವಿವರಿಸಿದ್ದು ಆಗಲೇ.

ಇಬ್ಬರು ಆಳು ಕಲ್ಲು ಕಿತ್ತು ಪಕ್ಕಕ್ಕಿಟ್ಟರು. ಗುದ್ದಲಿ ಬಿತ್ತು. ಒಂದಡಿ, ಎರಡಡಿ, ಮೂರಡಿ. ಬರೀ ಮಣ್ಣು. ಇನ್ನೂ ಅರ್ಧ ಅಡಿ. ಮಣ್ಣೇ. ಊರವರೆಲ್ಲ ಸೇರಿ ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದರು. ಹುಡುಗಿ ನನ್ನ ಮುಖ ನೋಡಲಾರದೆ ಬೂಟಿನ ಕಡೆ ನೋಡಿಕೊಂಡಳು. ಆಯಿತು, ಮುಗಿಯಿತು ಅಂದುಕೊಂಡೆ. ಅಡುಗೆಮನೆಯ ಕಪಾಟಿನಿಂದ ಮೊದಲು ಏನನ್ನು ಕಟ್ಟಲಿ ಅಂತಲೂ ಯೋಚಿಸಿಬಿಟ್ಟೆ.

ಮಾಮ ಕೋಲು ಬಿಸಾಡಿ, ಮಂಡಿಯೂರಿ, ಆಮೇಲೆ ಮಲಗಿಯೇಬಿಟ್ಟು ಗುಂಡಿಯೊಳಗೆ ಕೈ ಇಳಿಬಿಟ್ಟ. ಗೋಡೆಯ ಮಣ್ಣನ್ನು ಬೆರಳಲ್ಲಿ ಸವರುತ್ತ ಹೋದ. ಅತ್ತಿಮರದ ಬೇರೊಂದು ಕೈಗೆ ಸಿಕ್ಕಿತು.

"ಈ ಬೇರು ಆಗ ಇರಲಿಲ್ಲ," ಅಂದ. "ಗೂಟಾನ ಪಕ್ಕಕ್ಕೆ ತಳ್ಳಿದೆ, ಕಲ್ಲು ನೆಡೋವಾಗ ನಾನು ಗಮನಿಸಿಲ್ಲ. ಒಂದು ಗೇಣು ಮನೆ ಕಡೆಗೆ ಅಗೀರಿ."

ಅಗೆದರು. ಗುದ್ದಲಿಯ ಬಾಯಿಗೆ ಕಪ್ಪಗೆ ಏನೋ ಅಂಟಿಕೊಂಡು ಬಂತು. ಇದ್ದಿಲು. ಊರವರು ಹೋ ಅಂದರು. ಕನ್ನಡಕದವನು ಕೈಯೆತ್ತಿ, ಇನ್ನೂ ಇದೆ, ನಿಧಾನ ಅಂದ. ತಾನೇ ಕೊಡೆ ಇಟ್ಟು ಗುಂಡಿಗಿಳಿದು, ಕರ್ಚೀಫಿನಲ್ಲಿ ಒರೆಸಿ ಒರೆಸಿ ಒಂದೊಂದಾಗಿ ಮೇಲಕ್ಕೆ ಕೊಟ್ಟ. ಬಿಳಿ ಚೂರು. ನೀಲಿ ಅಂಚು. ಅಂಚಿನ ಕೆಳಗೆ ಸಾಸಿವೆಯಷ್ಟು ಸಣ್ಣ ಚುಕ್ಕಿಗಳ ಸಾಲು.

ಹುಡುಗಿ ಪುಸ್ತಕ ತೆಗೆದು ಓದಿದಳು: "ಇದ್ದಿಲು, ಮನೆಯ ಒಲೆಯದು. ನೀಲಿ ಅಂಚಿನ ಪಿಂಗಾಣಿ ಬಟ್ಟಲು ಒಂದು, ಒಡೆದದ್ದು."

ನಾನು ಒಳಗೆ ಓಡಿದೆ. ಕಪಾಟಿನಿಂದ ಒಂದು ಬಟ್ಟಲು ತಂದು ಆ ಚೂರಿನ ಪಕ್ಕ ಹಿಡಿದೆ. ಅದೇ. ಮನೆ ಉಳಿಯಿತು ಅನ್ನುವುದು ಮರೆತೇ ಹೋಯಿತು. ಮಣ್ಣಲ್ಲಿ ಕೂತಿದ್ದ ಆ ಮುದುಕನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಮಾಮ! ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ? ಇಷ್ಟು ವರ್ಷ ಬೈಸಿಕೊಂಡ್ಯಲ್ಲ! ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ಅವನು ಅಂಗಿಯ ಮಣ್ಣು ಕೊಡವಿದ. "ನಾನು ಬೇಕಂತ ಒಡೀಲಿಲ್ಲ ಕಣೇ. ನೀನು ಮಲಗಿದ್ದೆ. ಸದ್ದಾಗಬಾರದು ಅಂತ ಬಟ್ಟಲನ್ನ ಅಂಗೈ ಮೇಲೆ ಇಟ್ಕೊಂಡು ತುದಿಗಾಲಲ್ಲಿ ಬರ್ತಾ ಇದ್ದೆ. ಗುಂಡಿ ಅಂಚಲ್ಲಿ ಕಾಲು ಜಾರ್ತು, ಬಟ್ಟಲು ಒಳಗೆ ಬಿತ್ತು. ನಮ್ಮ ಹತ್ರ ಹೆಂಚಿನ ಚೂರು ಮುಗಿದುಹೋಗಿತ್ತು. ಇದೇ ಸಾಕ್ಷಿ ಆಗ್ಲಿ, ತೆಗೀಬೇಡ ಅಂತ ನಮ್ಮ ಹಿರಿಯರು ಬರೆದುಕೊಂಡ್ರು. ಬರೆದಮೇಲೆ ಮುಗೀತು."

"ಅಮ್ಮನಿಗಾದ್ರೂ ಹೇಳ್ಬೇಕಿತ್ತು."

"ಅಕ್ಕನಿಗೆ ಹೇಳಿದ್ರೆ ಬಾವಿಗೆ ಗೊತ್ತಾಗುತ್ತೆ, ಬಾವಿಗೆ ಗೊತ್ತಾದ್ರೆ ಊರಿಗೆ. ಅಕ್ಕನ ಹತ್ರ ಇನ್ನೂ ಐದು ಬಟ್ಟಲು ಇತ್ತಲ್ಲ. ನೀವೇ ಒಂದು ಒಡೆದು ಹೂತ್ರಿ ಅಂತ ಇವತ್ತು ಇವರು ಅನ್ನೋರು. ಮನೆ ಹೋಗೋದು."

ಎಲ್ಲರೆದುರು ನಾನು ಗೊಳೋ ಅಂತ ಅತ್ತೆ. ನಾಚಿಕೆ ಏನೂ ಆಗಲಿಲ್ಲ. ಈ ಮನುಷ್ಯ ಅರವತ್ತೆರಡು ವರ್ಷ ನನ್ನ ಅಡುಗೆಮನೆಯನ್ನು ಕಳ್ಳ ಅನ್ನಿಸಿಕೊಂಡು ಕಾದಿದ್ದಾನೆ, ನನ್ನ ಬಾಯಿಂದಲೂ ಅನ್ನಿಸಿಕೊಂಡು. ಮಾಮ ಗಾಬರಿಯಾಗಿ ನನ್ನ ತಲೆ ಸವರಿದ. "ಅಕ್ಕನಿಗೆ ಸಿಗುತ್ತೆ ಅಂದಿದ್ದೆ. ಸಿಕ್ತಲ್ಲ, ಅಳಬೇಡ."

ಆಮೇಲೆ ನೋಡಿ ಅವನ ಹಟ. ಕಲ್ಲನ್ನು ಇದ್ದಲ್ಲೇ ನೆಡೋಣ, ಒಂದು ಗೇಣು ತಾನೇ ಅಂದಳು ಹುಡುಗಿ. ಕನ್ನಡಕದವನೂ ಪರವಾಗಿಲ್ಲ ಅಂದ. ಮಾಮ ಒಪ್ಪಲಿಲ್ಲ. "ಆ ಒಂದು ಗೇಣು ಅವರದ್ದು. ನಾನು ತಪ್ಪಿದ್ದೀನಿ." ನನ್ನ ಹಿತ್ತಲಿನ ಒಂದು ಗೇಣು ಹೋಯಿತು, ಅಲ್ಲಿ ನೆಟ್ಟಿದ್ದ ಟೊಮ್ಯಾಟೊ ಗಿಡ ಈಗ ವಿದೇಶದಲ್ಲಿದೆ.

ಇನ್ನೊಂದು ಸಮಸ್ಯೆ ಎತ್ತಿದವನೂ ಅವನೇ. ಈ ಸಾಕ್ಷಿ ಊರೆಲ್ಲ ನೋಡಿಬಿಟ್ಟಿದೆ, ಇನ್ನು ಇದು ನಡೆಯುವುದಿಲ್ಲ, ಹೊಸದು ಹಾಕಬೇಕು. ಹಾಕುವವರು ಬಾಯಿ ಮುಚ್ಚಿಕೊಂಡು ಇರಬೇಕು. "ನನ್ನ ಕೈಲಿ ಇನ್ನು ಎಷ್ಟು ದಿನ ಆಗುತ್ತೆ? ಇವಳು ಹಾಕಲಿ" ಅಂದ. ಊರೆಲ್ಲ ನಕ್ಕಿತು, ಇವಳು ಬಾಯಿ ಮುಚ್ಚಿಕೊಂಡು ಇರುವುದಾ ಅಂತ. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ. ಅವನಿಗೆ ಅವತ್ತು ಊಟ ತಡವಾಯಿತು.

ಮೊದಲು ನಾನು ಐದೂ ಬಟ್ಟಲು ತೊಳೆದು ಚಹಾ ಮಾಡಿದೆ. ಆಚೆಯವನ ಮುಂದೆ, ಈಚೆಯವಳ ಮುಂದೆ, ಅಳುಮೋರೆಯ ನನ್ನ ಮುಂದೆ, ಗಂಡನ ಮುಂದೆ ಒಂದೊಂದು. ಮಾಮ ರೂಢಿಯಂತೆ ಚೀಲದಿಂದ ಹಿತ್ತಾಳೆ ಲೋಟ ತೆಗೆದು, ಒರೆಸಿ, ಮುಂದೆ ಹಿಡಿದ. ಆ ಲೋಟ ಕಿತ್ತುಕೊಂಡು ಐದನೇ ಬಟ್ಟಲನ್ನು ಅವನ ಕೈಗಿಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು, ಕಾಲಿನ ಕೆಳಗೆ ಗುಂಡಿ ಇದೆಯಾ ಅಂತ ಒಮ್ಮೆ ನೋಡಿ, ಕುಡಿದ. "ಸಕ್ಕರೆ ಕಮ್ಮಿ" ಅಂದ.

ಎಲ್ಲರೂ ಬೆನ್ನು ತಿರುಗಿಸಿ ನಿಂತರು. ಪುಸ್ತಕ ಹಿಡಿದ ಇಬ್ಬರು ಮತ್ತು ಮಾಮ ಮಾತ್ರ ನೋಡಿದರು. ಬಟ್ಟೆಯಲ್ಲಿ ಸುತ್ತಿ ತಂದಿದ್ದನ್ನು ನಾನು ಗುಂಡಿಗೆ ಇಳಿಸಿದೆ, ಇದ್ದಿಲು ಸುರಿದೆ. ಬಟ್ಟಲಿನ ಚೂರುಗಳನ್ನು ಇಟ್ಟುಕೊಳ್ಳಲು ಹುಡುಗಿ ಬಿಟ್ಟಳು. ಅವು ಈಗ ಉಳಿದ ಐದರ ಪಕ್ಕ, ಆರನೆಯ ಜಾಗದಲ್ಲಿವೆ.

ಮಾಮ ಎಂಟು ತಿಂಗಳ ನಂತರ, ಸುಣ್ಣ ಬಳಿಯುವ ಕಾಲ ಬರುವ ಮುಂಚೆ, ನಿದ್ದೆಯಲ್ಲೇ ಹೋದ. ಆ ಎಂಟು ತಿಂಗಳೂ ನಮ್ಮ ಮನೆಯಲ್ಲಿ ಬಟ್ಟಲಲ್ಲೇ ಚಹಾ ಕುಡಿದ. ಈಗ ಕಲ್ಲುಗಳಿಗೆ ಸುಣ್ಣ ಬಳಿಯುವವಳು ನಾನು, ಯಾರೂ ಹೇಳಿಲ್ಲ, ಯಾರೂ ಬೇಡ ಅಂದಿಲ್ಲ.

ತೂಕದ ಕೊಠಡಿ ಖಾಲಿ ಮಾಡುವಾಗ ಮಂಚ ಸಿಕ್ಕಿತು, ಸ್ಟವ್ ಸಿಕ್ಕಿತು, ಮೊಳೆಯ ಮೇಲೆ ಸರಪಳಿ ಸಿಕ್ಕಿತು. ಎದುರುಮನೆಯಲ್ಲಿರುವ ನನ್ನ ನಾದಿನಿ ಎಲ್ಲ ಹುಡುಕಿ ನನ್ನ ಹತ್ತಿರ ಬಂದಳು. "ಅತ್ತಿಗೆ, ಅಜ್ಜನ ಹಿತ್ತಾಳೆ ಲೋಟ ಎಲ್ಲಿ? ಅವತ್ತು ನೀನೇ ಕಿತ್ಕೊಂಡಿದ್ದು ನಾನು ನೋಡಿದ್ದೆ. ಸತ್ತವರ ಲೋಟ ಮುಚ್ಚಿಟ್ಕೊಂಡಿದ್ಯಲ್ಲ, ನಾಚಿಕೆ ಆಗಲ್ವಾ?"

ಅವಳು ಬಾವಿಯ ಹತ್ತಿರವೂ ಹೇಳಿದ್ದಾಳೆ. ನಿದ್ದೆಬುರುಕಿ ಅನ್ನುವುದನ್ನು ಬಿಟ್ಟು ಜನ ನನ್ನನ್ನು ಈಗ ಲೋಟಕಳ್ಳಿ ಅನ್ನುತ್ತಾರೆ. ನಾನು ತಲೆ ಬಗ್ಗಿಸಿ ಗುಂಡಿ ಹೊಲಿಯುತ್ತೇನೆ.